ವಿಡಿಯೊ ತೆರೆಯದಿದ್ದರೆ ಹೆಸರು ಬದಲಿಸಿ ಫಲವಿಲ್ಲ

ಮುಂಬೈಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಯಕ್ಷಗಾನದ ಮರುದಿನ ಬರುವ ದೂರು ಒಂದೇ: ‘ವಿಡಿಯೊ ತೆರೆಯುತ್ತಿಲ್ಲ.’ ಹಿಂದೆಯೇ ಮದ್ದುಗಳೂ ಬರುತ್ತವೆ. ‘ವೈರಸ್ ಬಂದಿದೆ, ಕಾರ್ಡ್ ಫಾರ್ಮ್ಯಾಟ್ ಮಾಡಿ’ ಎಂದು ಒಬ್ಬರು; ‘ಹೆಸರಿನ ಕೊನೆಯ ಎವಿಐ ಅಳಿಸಿ ಎಂಪಿ4 ಎಂದು ಬರೆಯಿರಿ’ ಎಂದು ಇನ್ನೊಬ್ಬರು (ಎವಿಐ, ಎಂಪಿ4 ಎರಡೂ ವಿಡಿಯೊ ಕಡತದ ಬಗೆಗಳು). ಮೊದಲನೆಯದು ಉಳಿಯಬಹುದಾಗಿದ್ದ ವಿಡಿಯೊವನ್ನೂ ಕಳೆಯುತ್ತದೆ. ಎರಡನೆಯದು ತಾಯಿತ ಕಟ್ಟಿದಷ್ಟೇ ಪ್ರಯೋಜನಕಾರಿ.

ಒಳ್ಳೆಯ ಪ್ಲೇಯರ್ (ವಿಡಿಯೊ ತೋರಿಸುವ ತಂತ್ರಾಂಶ) ಹೆಸರನ್ನು ನಂಬುವುದಿಲ್ಲ, ಕಡತದ ಮೊದಲ ಬೈಟುಗಳನ್ನು ಓದುತ್ತದೆ. ಎವಿಐ ಆದರೆ ಅಲ್ಲಿ ‘ಆರ್‌ಐಎಫ್‌ಎಫ್’ ಎಂಬ ಅಕ್ಷರಗಳಿರುತ್ತವೆ. ಎಂಪಿ4 ಆದರೆ ಸಾಮಾನ್ಯವಾಗಿ ಐದನೆಯ ಬೈಟಿನಿಂದ ‘ಎಫ್‌ಟಿವೈಪಿ’. ಧ್ವನಿ ಬಂದು ಚಿತ್ರ ಬಾರದಿದ್ದರೆ ಕಡತ ಕೆಟ್ಟಿದೆ ಎಂದು ಹೆದರಬೇಕಿಲ್ಲ. ಚಿತ್ರವನ್ನು ಕುಗ್ಗಿಸಿದ ವಿಧಾನ, ಉದಾಹರಣೆಗೆ 2013ರ ಎಚ್‌ಇವಿಸಿ, ನಿಮ್ಮ ಕಂಪ್ಯೂಟರಿಗೆ ತಿಳಿದಿಲ್ಲದಿರಬಹುದು. ವಿಎಲ್‌ಸಿ ಎಂಬ ಪ್ಲೇಯರ್ ತನಗೆ ಬೇಕಾದ, ಕುಗ್ಗಿಸಿದ್ದನ್ನು ಬಿಡಿಸಿ ತೋರಿಸುವ ಕೋಡೆಕ್‌ಗಳನ್ನು ತಾನೇ ಹೊತ್ತು ತರುತ್ತದೆ. ಅದರಲ್ಲಿ ತೆರೆದು ನೋಡಿ.

ಕುಗ್ಗಿಸುವ ಮಾತು ಬಂದಾಗ ಒಬ್ಬ ಬೆಂಗಳೂರಿಗನನ್ನು ನೆನೆಯದೆ ಮುಂದೆ ಹೋಗಲಾರೆ. ಫುಲ್ ಎಚ್‌ಡಿಯ ಒಂದೇ ಚೌಕಟ್ಟಿಗೆ, ಕುಗ್ಗಿಸದಿದ್ದರೆ, ಸುಮಾರು 62 ಲಕ್ಷ ಬೈಟು ಬೇಕು. ಸೆಕೆಂಡಿಗೆ 25 ಚೌಕಟ್ಟು ಎಂದರೆ 15 ಕೋಟಿ ದಾಟುತ್ತದೆ. ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಕೊಸೈನ್ ಎಂಬ ಗಣಿತದ ಅಲೆಗಳ ಮೊತ್ತವಾಗಿ ಬರೆದು, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಅಲೆಗಳಲ್ಲಿ ಜಿಪುಣತನ ತೋರಿಸಬಹುದು ಎಂಬ ದಾರಿಗೆ ಬುನಾದಿ ಹಾಕಿದವರು ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್. 1972ರಲ್ಲಿ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ಸಂಶೋಧನೆಯ ಹಣ ಕೇಳಿದರು. ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರಿಗೆ ಅನ್ನಿಸಿತ್ತಂತೆ! 1974ರಲ್ಲಿ ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಬರೆದ ಪ್ರಬಂಧ ಪ್ರಕಟವಾಯಿತು. ಇಂದು ನಾವು ನೋಡುವ ಬಹುಪಾಲು ವಿಡಿಯೊಗಳಲ್ಲಿ ಆ ಗಣಿತ ಯಾವುದಾದರೊಂದು ರೂಪದಲ್ಲಿ ಇದೆ.

ಇನ್ನು ನಿಜವಾಗಿ ಕೆಟ್ಟ ಕಡತದ ವಿಷಯ. ಎಂಪಿ4ನಲ್ಲಿ ಚಿತ್ರ, ಧ್ವನಿಗಳ ತುಣುಕುಗಳಿರುವ ಭಾಗ ಬೇರೆ. ಯಾವ ತುಣುಕು ಎಲ್ಲಿದೆ, ಎಷ್ಟು ಉದ್ದ, ಯಾವ ಕ್ಷಣದ್ದು ಎಂದು ಹೇಳುವ ‘ಮೂವ್’ ಎಂಬ ಪಟ್ಟಿ ಬೇರೆ. ಚಿತ್ರೀಕರಣ ಮುಗಿಯುವ ತನಕ ಲೆಕ್ಕ ಪೂರ್ತಿಯಾಗದ ಕಾರಣ ಮೊಬೈಲುಗಳು ಸಾಮಾನ್ಯವಾಗಿ ಈ ಪಟ್ಟಿಯನ್ನು ಕೊನೆಯಲ್ಲಿ ಬರೆಯುತ್ತವೆ. ಅಷ್ಟರಲ್ಲಿ ಬ್ಯಾಟರಿ ಸತ್ತರೆ ಪಟ್ಟಿಯೇ ಇಲ್ಲ. ಚರ್ಚ್‌ಗೇಟಿನಲ್ಲಿ ಮುಂಬೈಯ ಡಬ್ಬಾವಾಲರು ರೈಲಿನಿಂದ ಇಳಿಸಿದ ಊಟದ ಡಬ್ಬಗಳ ಮೇಲಿನ ಗುರುತೆಲ್ಲ ಅಳಿಸಿಹೋದಂತೆ: ಅನ್ನ ಹಳಸಿಲ್ಲ, ಯಾವುದು ಯಾರದೆಂದು ಹೇಳುವವರಿಲ್ಲ.

ಆದ್ದರಿಂದ ಮೊದಲು ಕಡತದ ಗಾತ್ರ ನೋಡಿ. ಸೊನ್ನೆ ಇದ್ದರೆ ಆ ಕಡತದಲ್ಲಿ ದುರಸ್ತಿ ಮಾಡಲು ಏನೂ ಇಲ್ಲ. ನೂರಾರು ಎಂಬಿ ಇದ್ದರೆ ಆಸೆ ಇದೆ. ಪೆನ್‌ಡ್ರೈವಿಗೆ ನಕಲು ಮಾಡುವಾಗ ಅರ್ಧಕ್ಕೆ ಕಿತ್ತರೂ ಬಾಲದ ಪಟ್ಟಿಯೇ ಹೋಗುತ್ತದೆ. ಮೂಲದಿಂದ ಮತ್ತೊಮ್ಮೆ ನಕಲು ಮಾಡಿದರೆ ಸಾಕು. ಮೂಲವೇ ಹಾಗಿದ್ದರೆ, ಅದೇ ಮೊಬೈಲಿನಲ್ಲಿ ಅದೇ ಸೆಟ್ಟಿಂಗ್ ಇಟ್ಟು ತೆಗೆದ ಇನ್ನೊಂದು ಸರಿಯಾದ ವಿಡಿಯೊ ಹುಡುಕಿ. ‘ಅನ್‌ಟ್ರಂಕ್’ ಎಂಬ ಉಚಿತ ತಂತ್ರಾಂಶ ಅದನ್ನು ಮಾದರಿಯಾಗಿಟ್ಟುಕೊಂಡು ಕಳೆದುಹೋದ ಪಟ್ಟಿಯನ್ನು ಮತ್ತೆ ಕಟ್ಟಲು ಯತ್ನಿಸುತ್ತದೆ. ಪ್ರಯೋಗವೆಲ್ಲ ನಕಲಿನ ಮೇಲೆ ನಡೆಯಲಿ. ಅಲ್ಲಿಯವರೆಗೆ ಆ ಕಾರ್ಡಿನಲ್ಲಿ ಹೊಸದೇನನ್ನೂ ಚಿತ್ರಿಸಬೇಡಿ.