ಕ್ಯಾಮೆರಾ ಲೆನ್ಸಲ್ಲಿ ಗ್ರಹ ಹಿಡಿದ ಕಥೆ

ಕ್ರಿಕೆಟ್ ಮ್ಯಾಚಲ್ಲಿ ಬೌಂಡರಿ ಆಚೆ ಫೋಟೋಗ್ರಾಫರ್‌ಗಳು ದಪ್ಪದಪ್ಪ ಲೆನ್ಸ್ ಇಟ್ಕೊಂಡು ಕೂತಿರ್ತಾರಲ್ಲ, ಆ ಜಾತೀದೇ ಒಂದು ಲೆನ್ಸು, ಕ್ಯಾನನ್ 200 ಎಂಎಂ. ಅಂಥ ಎಂಟನ್ನ ಒಂದೇ ಸ್ಟ್ಯಾಂಡಿಗೆ ಗೊಂಚಲಿನ ಹಾಗೆ ಕಟ್ಟಿ, ಒಂದೊಂದರ ಹಿಂದೆ ಒಂದೊಂದು ಸಿಸಿಡಿ ಕ್ಯಾಮೆರಾ ಕೂರಿಸಿ, ಆಕಾಶದ ಕಡೆ ತಿರುಗಿಸಿದ್ರೆ ಅದೇ ಸೂಪರ್‌ವಾಸ್ಪ್. ಲೆನ್ಸಿನ ಬಾಯಿ ಬರೀ 11 ಸೆಂಟಿಮೀಟರ್. ಇಷ್ಟರಲ್ಲೇ ಬೇರೆ ನಕ್ಷತ್ರಗಳ ಸುತ್ತ ಹೆಚ್ಚುಕಮ್ಮಿ 200 ಗ್ರಹ ಸಿಕ್ಕಿವೆ ಅಂದ್ರೆ ಮೊದಲ ಸಲ ಓದಿದಾಗ ನಾನಂತೂ ನಂಬಿರಲಿಲ್ಲ.

ಅಲ್ಲೆಲ್ಲೋ ಗ್ರಹ ಇದೆ ಅಂತ ಹೇಳ್ಕೊಳ್ಳೋದು ಹೊಸದೇನಲ್ಲ ಬಿಡಿ. 1855ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ವೀಕ್ಷಣಾಲಯದಲ್ಲಿದ್ದ ಕ್ಯಾಪ್ಟನ್ ಜೇಕಬ್, 70 ಒಫಿಯುಕಿ ಅನ್ನೋ ಜೋಡಿ ನಕ್ಷತ್ರದ ಓಡಾಟದಲ್ಲಿ ಏನೋ ಏರುಪೇರಿದೆ, ಗ್ರಹ ಇರಬೇಕು ಅಂದಿದ್ರು. ಆ ಲೆಕ್ಕ ಮುಂದೆ ತಪ್ಪು ಅಂತಾಯ್ತು. (ಆ ವೀಕ್ಷಣಾಲಯ ಕೊಡೈಕೆನಾಲ್‌ಗೆ ಹೋಗಿ, ಅದರ ವಾರಸುದಾರ ಸಂಸ್ಥೆ ಈಗ ನಮ್ಮ ಕೋರಮಂಗಲದ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್.) ಆಮೇಲೆ 1952ರಲ್ಲಿ ಒಟ್ಟೋ ಸ್ಟ್ರೂವ್ ಅನ್ನೋ ಖಗೋಳ ವಿಜ್ಞಾನಿ ಒಂದು ಪುಟ್ಟ ಲೇಖನ ಬರೆದ್ರು, ಗುರುವಿನಂಥ ದೊಡ್ಡ ಗ್ರಹ ನಕ್ಷತ್ರಕ್ಕೆ ಅಂಟಿಕೊಂಡ ಹಾಗೆ ಸುತ್ತಬಾರದು ಅಂತೇನಿಲ್ಲ, ಸುತ್ತಿದ್ರೆ ಗ್ರಹದ ಎಳೆತಕ್ಕೆ ನಕ್ಷತ್ರ ಅಲುಗಾಡೋದನ್ನ ಅಳೀಬಹುದು, ಇಲ್ಲಾ ಗ್ರಹ ಅಡ್ಡ ಬಂದಾಗ ಬೆಳಕು ಮಂಕಾಗೋದನ್ನ ಹಿಡೀಬಹುದು ಅಂತ. ಗುರು ಸೂರ್ಯನ ಸುತ್ತ ಒಂದು ಸುತ್ತು ಬರೋಕೆ 12 ವರ್ಷ ತಗೊಳ್ಳೋದನ್ನ ನೋಡಿದ್ದ ಜನಕ್ಕೆ ಈ ಮಾತು ತಲೆಗೆ ಹತ್ತಲೇ ಇಲ್ಲ.

1995ರಲ್ಲಿ ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದಿಂದ ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೊ 51 ಪೆಗಾಸಿ ನಕ್ಷತ್ರದ ಸುತ್ತ ಅಂಥದ್ದೇ ಒಂದನ್ನ ಹಿಡಿದ್ರು, ಅದರ ವರ್ಷ ಅಂದ್ರೆ ನಮ್ಮ ನಾಲ್ಕು ಚಿಲ್ಲರೆ ದಿನ! ಇನ್ನು 1999ರಲ್ಲಿ ಡೇವಿಡ್ ಶಾರ್ಬೊನೊ ಮತ್ತೆ ಟಿಮ್ ಬ್ರೌನ್ ಕೊಲರಾಡೋದ ಬೌಲ್ಡರ್‌ನಲ್ಲಿ, ಪಾರ್ಕಿಂಗ್ ಲಾಟ್‌ನಲ್ಲಿ ಇಟ್ಕೊಂಡಿದ್ದ 10 ಸೆಂಟಿಮೀಟರ್ ದೂರದರ್ಶಕದಲ್ಲಿ ಎಚ್‌ಡಿ 209458 ಅನ್ನೋ ನಕ್ಷತ್ರ ನೂರಕ್ಕೆ ಒಂದೂವರೆಯಷ್ಟು ಮಂಕಾಗಿ ಮತ್ತೆ ಸರಿಹೋಗೋದನ್ನ ನೋಡಿದ್ರು. ಅದೇ ಹೊತ್ತಿಗೆ ಗ್ರೆಗ್ ಹೆನ್ರಿ ತಂಡಕ್ಕೂ ಸಿಕ್ತು. ನಾವು 2012ರ ಜೂನ್ 6ರ ಬೆಳಗ್ಗೆ ಫಿಲ್ಟರ್ ಹಿಡಿದು ನೋಡೋಕೆ ಎದ್ದಿದ್ವಲ್ಲ ಶುಕ್ರ ಸಂಕ್ರಮಣ, ಅಂದ್ರೆ ಶುಕ್ರ ಸೂರ್ಯನಿಗೆ ಅಡ್ಡ ಹಾದುಹೋಗೋದು, ಅದೇ ಆಟ, ದೂರ ಜಾಸ್ತಿ ಅಷ್ಟೆ. ಕಪ್ಪು ಚುಕ್ಕೆ ಕಾಣಲ್ಲ, ಬೆಳಕು ಒಂಚೂರು ಇಳಿಯೋದು ಗೊತ್ತಾಗುತ್ತೆ.

ಸರಿ, ಇಷ್ಟು ಸುಲಭನಾ ಅಂತ ಎಲ್ಲರೂ ಲೆಕ್ಕ ಹಾಕೋಕೆ ಕೂತ್ರು. ಬಿಸಿ ಗುರು (ನಕ್ಷತ್ರಕ್ಕೆ ಅಂಟಿಕೊಂಡ ಹಾಗೆ ಸುತ್ತೋ ಗುರುವಿನಂಥ ಗ್ರಹ) ಇರೋ ನಕ್ಷತ್ರಗಳು ನೂರಕ್ಕೆ ಒಂದು ಅಂದ್ಕೊಳ್ಳಿ, ಅದರಲ್ಲೂ ಗ್ರಹ ನಮ್ಮ ಕಣ್ಣಿಗೆ ಸರಿಯಾಗಿ ಅಡ್ಡ ಬರೋದು ಹತ್ತರಲ್ಲಿ ಒಂದು. ಅಂದ್ರೆ ಸಾವಿರಕ್ಕೆ ಒಂದು. ಹಾಗಾಗಿ ಒಂದು ನಕ್ಷತ್ರ ಆಳವಾಗಿ ನೋಡೋ ದೊಡ್ಡ ಕನ್ನಡಿಯ ದೂರದರ್ಶಕಕ್ಕಿಂತ, ಸಾವಿರಾರು ನಕ್ಷತ್ರ ಒಟ್ಟಿಗೆ ನೋಡೋ ಅಗಲದ ಲೆನ್ಸೇ ಮೇಲು. ಬ್ರಿಟನ್ನಿನ ಯೂನಿವರ್ಸಿಟಿಗಳ ಗುಂಪು 2000ದಲ್ಲಿ ಒಂದು ನಿಕಾನ್ ಲೆನ್ಸ್ ತಗೊಂಡು ಸ್ಪೇನಿನ ಲಾ ಪಾಲ್ಮಾ ದ್ವೀಪದಲ್ಲಿ ಟ್ರಯಲ್ ನೋಡ್ತು, ಆಗಲೇ ಗೊತ್ತಿದ್ದ ಎಚ್‌ಡಿ 209458ರ ಇಳಿತ ಅದರಲ್ಲಿ ಸಿಕ್ತು. ಡಾನ್ ಪೊಲಾಕೊ ಮುಂದಾಳತ್ವದಲ್ಲಿ ಲಾ ಪಾಲ್ಮಾದ ಬೆಟ್ಟದ ಮೇಲೆ ಸೂಪರ್‌ವಾಸ್ಪ್ 2004ರಲ್ಲಿ ಕಣ್ಣು ಬಿಡ್ತು, 2006ರಲ್ಲಿ ದಕ್ಷಿಣ ಆಫ್ರಿಕಾದ ಸದರ್ಲೆಂಡ್‌ನಲ್ಲಿ ಅದರ ತಮ್ಮ.

ಗ್ರಹ ಮಾತ್ರ ಬರಲಿಲ್ಲ. ಇಳಿತಗಳು ರಾಶಿ ರಾಶಿ ಬಂದ್ವು, ಅದೇ ತಲೆನೋವು. ಸಹಾರಾದ ಧೂಳು ಗಾಳಿಲಿ ತೇಲಿ ಬರುತ್ತೆ, ಚಂದ್ರ ಬರ್ತಾನೆ, ನಕ್ಷತ್ರ ದಿಗಂತಕ್ಕೆ ಇಳೀತಾ ಮಂಕಾಗುತ್ತೆ, ರಾತ್ರಿ ತಣ್ಣಗಾದ್ರೆ ಲೆನ್ಸಿನ ಫೋಕಸ್ ಜಾರುತ್ತೆ, ಇದೆಲ್ಲ ಸಾವಿರಾರು ನಕ್ಷತ್ರಗಳ ಮೇಲೆ ಒಟ್ಟಿಗೆ ಒಂದೇ ತರ ಗುರುತು ಬಿಟ್ಟು ಹೋಗುತ್ತೆ. ಟೆಲ್ ಅವೀವ್‌ನ ತಮುಜ್, ಮಜೆ, ಜುಕರ್ ಅನ್ನೋರು ಇಂಥ ಸಾಮೂಹಿಕ ಏರಿಳಿತ ಕಂಡುಹಿಡಿದು ಕಳೆಯೋ ಲೆಕ್ಕ ಒಂದನ್ನ 2005ರಲ್ಲಿ ಕೊಟ್ರು, ಅದು ಜರಡಿ ತರ ಕೆಲಸಕ್ಕೆ ಬಂತು. ಇನ್ನೊಂದು ಗೋಳು ಅಂದ್ರೆ ಇವರ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲೂ ಆಕಾಶದ ದೊಡ್ಡ ತುಂಡನ್ನೇ ಹಿಡಿಯುತ್ತೆ, ಅಕ್ಕಪಕ್ಕದ ಎರಡು ಮೂರು ನಕ್ಷತ್ರ ಒಂದಾಗಿ ಕಾಣ್ತವೆ. ಪಕ್ಕದಲ್ಲಿ ಯಾವುದೋ ಜೋಡಿ ನಕ್ಷತ್ರ ಒಂದನ್ನೊಂದು ಪೂರ್ತಿ ಮರೆ ಮಾಡಿದ್ರೂ, ಒಟ್ಟು ಬೆಳಕಲ್ಲಿ ನೂರಕ್ಕೆ ಒಂದು ಇಳಿದು ಥೇಟ್ ಗ್ರಹದ ಹಾಗೇ ಕಾಣುತ್ತೆ. ಅದಕ್ಕೇ ಕೊನೆಗೆ ದೊಡ್ಡ ದೂರದರ್ಶಕದಲ್ಲಿ ನಕ್ಷತ್ರ ಎಷ್ಟು ಅಲುಗಾಡುತ್ತೆ ಅಂತ ಅಳೀಲೇಬೇಕು. ಜಾಸ್ತಿ ಅಲುಗಾಡಿದ್ರೆ ಸುತ್ತೋದು ನಕ್ಷತ್ರ, ಕಸದ ಬುಟ್ಟಿಗೆ. ನನ್ನ ಕೇಳಿದ್ರೆ ಈ ಸರ್ವೆಯ ನಿಜವಾದ ಕೆಲಸ ಗ್ರಹ ಹುಡುಕೋದಲ್ಲ, ಗ್ರಹ ಅಲ್ಲದ್ದನ್ನ ಆರಿಸಿ ಎಸೆಯೋದು.

2006ರ ಸೆಪ್ಟೆಂಬರ್‌ನಲ್ಲಿ ಮೊದಲ ಎರಡು ಗ್ರಹಗಳ ಸುದ್ದಿ ಬಂತು, ವಾಸ್ಪ್-1ಬಿ ಮತ್ತು ವಾಸ್ಪ್-2ಬಿ. ಅಳತೆ ಮಾಡಿ ಖಾತ್ರಿ ಮಾಡಿದ್ದು ಅದೇ ಓಟ್ ಪ್ರೊವಾನ್ಸ್‌ನಲ್ಲಿ. ಆಮೇಲೆ ಸಾಲುಗಟ್ಟಿ ಬಂದ್ವು. ವಾಸ್ಪ್-17ಬಿ ತನ್ನ ನಕ್ಷತ್ರ ತಿರುಗೋ ದಿಕ್ಕಿಗೆ ಉಲ್ಟಾ ಸುತ್ತೋ ಗ್ರಹ, ವಾಸ್ಪ್-18ಬಿ ಗುರುವಿನ ಹತ್ತು ಪಟ್ಟು ತೂಕ ಇದ್ರೂ ಒಂದು ದಿನದೊಳಗೇ ಸುತ್ತು ಮುಗಿಸುತ್ತೆ.

2009ರಲ್ಲಿ ಕೆಪ್ಲರ್ ಅನ್ನೋ ದೂರದರ್ಶಕ ಬಾಹ್ಯಾಕಾಶಕ್ಕೆ ಹೋಗಿ ಎರಡೂವರೆ ಸಾವಿರಕ್ಕೂ ಜಾಸ್ತಿ ಗ್ರಹ ಕೊಟ್ಟ ಮೇಲೆ ಇವರದ್ದು ಸಣ್ಣ ಅಂಗಡಿ ಅನ್ನಿಸಿದ್ದು ಹೌದು. ಭೂಮಿಯಂಥ ಗ್ರಹ ಸೂರ್ಯನ ಬೆಳಕಲ್ಲಿ ಇಳಿಸೋದು ನೂರಕ್ಕೆ 0.008 ಮಾತ್ರ, ಗಾಳಿ ಅಡ್ಡ ಇರೋ ನೆಲದಿಂದ ಅದು ಆಗೋ ಮಾತಲ್ಲ. ಆದ್ರೆ ಕೆಪ್ಲರ್ ನೋಡಿದ ನಕ್ಷತ್ರಗಳು ಬಹಳಷ್ಟು ಮಂಕು, ಪುಟ್ಟ ಲೆನ್ಸಿಗೆ ಸಿಗೋದೇ ಬೆಳಗೋ ನಕ್ಷತ್ರ. ಗ್ರಹದ ಗಾಳಿ ಪರೀಕ್ಷೆ ಮಾಡೋಕೆ ಬೆಳಕು ಬೇಕು ತಾನೇ? 2022ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಮೊದಮೊದಲು ತೋರಿಸಿದ್ದು ವಾಸ್ಪ್-96ಬಿಯಲ್ಲಿ ನೀರಿನ ಆವಿ, ಆಮೇಲೆ ವಾಸ್ಪ್-39ಬಿಯಲ್ಲಿ ಕಾರ್ಬನ್ ಡೈ ಆಕ್ಸೈಡ್. ಎರಡೂ ಕ್ಯಾಮೆರಾ ಲೆನ್ಸಿನ ಗ್ರಹಗಳೇ.

ನನಗೆ ಇಷ್ಟವಾದದ್ದು 2008ರಲ್ಲಿ ಸಿಕ್ಕ ವಾಸ್ಪ್-12ಬಿ. ನಕ್ಷತ್ರಕ್ಕೆ ಎಷ್ಟು ಹತ್ತಿರ ಅಂದ್ರೆ ಎಳೆತಕ್ಕೆ ಮೊಟ್ಟೆ ಆಕಾರಕ್ಕೆ ಬಂದುಬಿಟ್ಟಿದೆ. ಅದರ ಸುತ್ತು 26 ಗಂಟೆ, ಅದೂ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್ ಕಮ್ಮಿ ಆಗ್ತಾ ಇದೆ, ಹತ್ತು ವರ್ಷಕ್ಕೂ ಜಾಸ್ತಿ ಕಾಲ ಅದರ ಸಂಕ್ರಮಣದ ಟೈಮ್ ಬರ್ಕೊಂಡು ಬಂದಿದ್ದಕ್ಕೆ ಈ ಚೂರು ವ್ಯತ್ಯಾಸ ಸಿಕ್ಕಿದ್ದು. ಹೀಗೇ ಒಳಗೆ ಸುರುಳಿ ಸುತ್ತಿ ಜಾರ್ತಾ ಹೋದ್ರೆ ಇನ್ನು 30 ಲಕ್ಷ ವರ್ಷದ ಆಸುಪಾಸಿನಲ್ಲಿ ನಕ್ಷತ್ರ ಅದನ್ನ ನುಂಗುತ್ತೆ.