ಕೂಗು ಕೇಳಿಸಿದಲ್ಲಿ ಕತ್ತರಿ ಇಡಬೇಡಿ

ಟ್ವೆಂಟಿ-20 ಪಂದ್ಯವೊಂದರಲ್ಲಿ ಇರುವುದು ಬರೀ 240 ಎಸೆತ. ಬೌಲರ್ ಓಟ ಶುರು ಮಾಡಿದಲ್ಲಿಂದ ಚೆಂಡು ಯಾರದಾದರೂ ಕೈ ಸೇರುವವರೆಗೆ ಹತ್ತು ಸೆಕೆಂಡು ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ ಇಡೀ ಆಟ ನಲವತ್ತು ನಿಮಿಷಕ್ಕೆ ಮುಗಿಯಬೇಕು. ಟಿವಿಯ ಮುಂದೆ ನಾವು ಕಳೆಯುವುದು ಮೂರೂವರೆ ಗಂಟೆಗೂ ಹೆಚ್ಚು. ಉಳಿದ ಹೊತ್ತಿನಲ್ಲಿ ಜಾಹೀರಾತು, ಕೈಗವಸು ಬದಲಿಸುವುದು, ಫೀಲ್ಡರುಗಳನ್ನು ಅತ್ತಿತ್ತ ಓಡಿಸುವುದು, ಗ್ಯಾಲರಿಯಲ್ಲಿ ಕುಳಿತ ಸಿನಿಮಾ ನಟರ ಮುಖ.

ಇದನ್ನು ಮನೆಯಲ್ಲೇ ಇಪ್ಪತ್ತು ನಿಮಿಷಕ್ಕೆ ಇಳಿಸುವ ಹವ್ಯಾಸ ಉಡುಪಿ, ಮಂಗಳೂರಿನ ಕಡೆಯವರಿಗೆ ಸುಲಭವಾಗಿ ಒಗ್ಗಬೇಕು. ಬೆಳಗಿನ ಜಾವದವರೆಗಿನ ಯಕ್ಷಗಾನವನ್ನು ಕಾಲಮಿತಿಗೆ ತಂದವರು ನಾವು. ಅಲ್ಲಿ ಯಾವ ಪದ್ಯ ಬಿಡಬೇಕು, ಯಾವುದನ್ನು ಎತ್ತಿಕೊಳ್ಳಬೇಕು ಎಂಬುದು ಭಾಗವತರಿಗೆ ಗೊತ್ತಿರುತ್ತದೆ. ಕಂಪ್ಯೂಟರಿನ ಮುಂದೆ ಕುಳಿತವರ ಪಕ್ಕದಲ್ಲಿ ಭಾಗವತರು ಇರುವುದಿಲ್ಲ. ಆದರೆ ಸುಳಿವು ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಕ್ರೀಡಾಂಗಣದ ಜನ, ವೀಕ್ಷಕ ವಿವರಣೆಗಾರ, ಪ್ರಸಾರ ವಾಹನದೊಳಗೆ ಕುಳಿತ ನಿರ್ದೇಶಕ, ಕೊನೆಗೆ ಚಿತ್ರವನ್ನು ಕುಗ್ಗಿಸುವ ಯಂತ್ರವೂ ಸೇರಿ ಎಲ್ಲರೂ ರೆಕಾರ್ಡಿಂಗಿನ ಮೇಲೆ ತಮ್ಮ ತಮ್ಮ ಗುರುತು ಹಾಕಿಯೇ ಕಳಿಸಿರುತ್ತಾರೆ.

ಮೊದಲು ಕೈಗೆ ಕಡತ ಸಿಗಬೇಕು. ಹಣ ಕಟ್ಟಿ ನೋಡುವ ಡಿಟಿಎಚ್ ಪೆಟ್ಟಿಗೆಗಳ ರೆಕಾರ್ಡಿಂಗ್ ಸಾಮಾನ್ಯವಾಗಿ ಆ ಪೆಟ್ಟಿಗೆಗೇ ಬೀಗ ಹಾಕಿಕೊಂಡಿರುತ್ತದೆ. ಅದನ್ನು ಕಂಪ್ಯೂಟರಿಗೆ ಒಯ್ದರೆ ಪ್ರಯೋಜನವಿಲ್ಲ. 2004ರ ಡಿಸೆಂಬರಿನಲ್ಲಿ ಶುರುವಾದ ದೂರದರ್ಶನದ ಉಚಿತ ಸೇವೆ, ಇಂದಿನ ಡಿಡಿ ಫ್ರೀ ಡಿಶ್, ಈ ವಿಷಯದಲ್ಲಿ ಉದಾರಿ. ಹೆಂಚಿನ ಮಾಡಿನ ಅಂಚಿಗೆ ಬಿಗಿದ ಆ ಬುಟ್ಟಿಯಿಂದ ಬರುವ ಕ್ರೀಡಾ ವಾಹಿನಿಯನ್ನು ಅನೇಕ ಪೆಟ್ಟಿಗೆಗಳು ನೇರವಾಗಿ ಪೆನ್‌ಡ್ರೈವಿಗೆ ಇಳಿಸಿಕೊಡುತ್ತವೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕೆಂದು 2007ರಲ್ಲಿ ಕಾನೂನು ಬಂದದ್ದರಿಂದ ಭಾರತ ಆಡುವ ಹಲವು ಪಂದ್ಯಗಳು ಅಲ್ಲಿಯೂ ಸಿಗುತ್ತವೆ.

ಆ ಕಡತದೊಳಗೆ ಇರುವುದೇನು? ಸಾಮಾನ್ಯ ಗುಣಮಟ್ಟದ ಒಂದು ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಪ್ರತಿ ಚುಕ್ಕೆಯ ಬಣ್ಣಕ್ಕೆ ಮೂರು ಬೈಟ್, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಗಂಟೆಗೆ ಸುಮಾರು 112 ಗಿಗಾಬೈಟ್. ಪೆನ್‌ಡ್ರೈವಿನಲ್ಲಿ ಬಂದು ಕೂರುವುದು ಹೆಚ್ಚೆಂದರೆ ಎರಡು ಗಿಗಾಬೈಟ್. ಮಿಕ್ಕದ್ದನ್ನು ಕುಗ್ಗಿಸುವ ಯಂತ್ರ ಒಂದು ಸರಳ ಉಪಾಯದಿಂದ ಉಳಿಸಿದೆ. ಹುಲ್ಲು ಹಿಂದಿನ ಚಿತ್ರದಲ್ಲೂ ಇತ್ತು, ಈಗಲೂ ಇದೆ; ಅದನ್ನು ಮತ್ತೆ ಯಾಕೆ ಕಳಿಸಬೇಕು? ಆದ್ದರಿಂದ ಹನ್ನೆರಡಕ್ಕೊಂದರಂತೆ, ಅಂದರೆ ಸುಮಾರು ಅರ್ಧ ಸೆಕೆಂಡಿಗೊಮ್ಮೆ, ಒಂದು ಚಿತ್ರವನ್ನು ಮಾತ್ರ ಪೂರ್ತಿಯಾಗಿ ಕಳಿಸುತ್ತಾರೆ. ಅದು ಐ-ಫ್ರೇಮ್. ನಡುವಿನ ಪಿ ಮತ್ತು ಬಿ ಫ್ರೇಮುಗಳಲ್ಲಿ ಇರುವುದು ಬದಲಾವಣೆಯ ಟಿಪ್ಪಣಿ: ಈ ಚೌಕ ಇಷ್ಟು ಬಲಕ್ಕೆ ಸರಿಯಿತು, ಆ ಚೌಕ ಹಾಗೇ ಇದೆ. ಹೊಸ ಪದ್ಧತಿಗಳಲ್ಲಿ ಐ-ಫ್ರೇಮುಗಳ ನಡುವಿನ ಅಂತರ ಇನ್ನೂ ದೊಡ್ಡದು. ಒಂದೆರಡು ಸೆಕೆಂಡು ಆಗುವುದೂ ಉಂಟು.

ಜೂನ್, ಜುಲೈ ತಿಂಗಳಲ್ಲಿ ನಮ್ಮಲ್ಲಿ ಟಿವಿ ನೋಡಿದವರೆಲ್ಲ ಐ-ಫ್ರೇಮನ್ನು ಕಣ್ಣಾರೆ ಕಂಡಿದ್ದಾರೆ. ಉಪಗ್ರಹದಿಂದ ಬರುವ ಈ ಸಂಕೇತದ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಮಳೆಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಮೂವತ್ತಾರು ಸಾವಿರ ಕಿಲೋಮೀಟರ್ ಸಲೀಸಾಗಿ ಬಂದ ಸಂಕೇತ ಕೊನೆಯ ನಾಲ್ಕೈದು ಕಿಲೋಮೀಟರಿನ ಆಟಿ ತಿಂಗಳ ಮಳೆಗೆ ಸೋಲುತ್ತದೆ. ಆಗ ಟಿಪ್ಪಣಿಗಳು ಕಳೆದುಹೋಗುತ್ತವೆ. ಬ್ಯಾಟುಗಾರನ ಭುಜ ಚೌಕಚೌಕವಾಗಿ ಒಡೆದು ಪಿಚ್ಚಿನ ಮೇಲೆ ಹರಡುತ್ತದೆ, ಅಂಪೈರಿನ ಟೊಪ್ಪಿಯ ಬಣ್ಣ ಸೈಟ್‌ಸ್ಕ್ರೀನಿಗೆ ಮೆತ್ತಿಕೊಳ್ಳುತ್ತದೆ. ಮರುಕ್ಷಣ ಯಾರೋ ಒರೆಸಿದ ಹಾಗೆ ಎಲ್ಲವೂ ಸರಿಯಾಗುತ್ತದೆ. ಒರೆಸಿದ್ದು ಮುಂದಿನ ಐ-ಫ್ರೇಮ್.

ಕತ್ತರಿಯ ಕಷ್ಟವೂ ಇಲ್ಲೇ. ಮರುಸಂಕುಚನ ಮಾಡದೆ, ಅಂದರೆ ಗುಣಮಟ್ಟ ಒಂದಿಷ್ಟೂ ಕೆಡದಂತೆ ತುಣುಕು ತೆಗೆಯಬೇಕೆಂದರೆ ಅದು ಐ-ಫ್ರೇಮಿನಿಂದಲೇ ಶುರುವಾಗಬೇಕು. ನಡುವೆ ಕತ್ತರಿಸಿದರೆ ಟಿಪ್ಪಣಿಗಳು ಇರುತ್ತವೆ, ಅವು ಯಾವ ಚಿತ್ರಕ್ಕೆ ಬರೆದವೋ ಆ ಚಿತ್ರ ಇರುವುದಿಲ್ಲ. ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡುತ್ತದೆ. ಆಜ್ಞೆಗಳನ್ನು ಬೆರಳಚ್ಚು ಮಾಡಲು ಬೇಸರವಾದರೆ ಲಾಸ್‌ಲೆಸ್‌ಕಟ್ ಇದೆ. ಕ್ರೀಡೆಗೆ ಅರ್ಧ ಸೆಕೆಂಡಿನ ಹಿಂದುಮುಂದು ದೊಡ್ಡ ವಿಷಯವೇನೂ ಅಲ್ಲ. ನಿಖರ ಕತ್ತರಿಗಾಗಿ ಇಡೀ ಪಂದ್ಯವನ್ನು ಮತ್ತೊಮ್ಮೆ ಕುಗ್ಗಿಸಿ ಹುಲ್ಲನ್ನು ಪಾಚಿಯಂತೆ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಎಲ್ಲಿ ಕತ್ತರಿಸಬೇಕು ಎಂಬ ಪ್ರಶ್ನೆ. ಮೂರೂವರೆ ಗಂಟೆಯನ್ನು ಕಣ್ಣಿನಿಂದ ಹುಡುಕುವುದು ದಡ್ಡತನ, ಕಿವಿ ಚುರುಕು. ರೆಕಾರ್ಡಿಂಗಿನ ಧ್ವನಿಯಲ್ಲಿ ಸೆಕೆಂಡಿಗೆ 48,000 ಮಾದರಿಗಳಿರುತ್ತವೆ. ಒಂದೊಂದು ಸೆಕೆಂಡಿನ ಮಾದರಿಗಳನ್ನು ವರ್ಗ ಮಾಡಿ ಸರಾಸರಿ ತೆಗೆದರೆ ಆ ಸೆಕೆಂಡಿನ ಶಕ್ತಿ ಸಿಗುತ್ತದೆ. ಅದನ್ನು ಗೆರೆಯಾಗಿ ಎಳೆದರೆ ಇಡೀ ಪಂದ್ಯ ಬೆಟ್ಟಗುಡ್ಡಗಳ ಸಾಲಾಗಿ ಕಣ್ಣೆದುರು ಬರುತ್ತದೆ. ಜನರ ಬೊಬ್ಬೆ ಹತ್ತು ಡೆಸಿಬೆಲ್ ಏರಿತು ಎಂದರೆ ಶಕ್ತಿ ಹತ್ತು ಪಟ್ಟು ಹೆಚ್ಚಾಯಿತು ಎಂದರ್ಥ. ಗೆರೆಯ ಮೇಲೆ ಅದು ಅಡಗಿ ಕೂರುವುದು ಸಾಧ್ಯವೇ ಇಲ್ಲ. 2000ದಲ್ಲೇ ಮೈಕ್ರೋಸಾಫ್ಟಿನ ಯಾಂಗ್ ರುಯಿ, ಅನೂಪ್ ಗುಪ್ತಾ ಮತ್ತು ಅಲೆಕ್ಸ್ ಅಸೆರೊ ಬೇಸ್‌ಬಾಲ್ ಪ್ರಸಾರದ ಮುಖ್ಯ ಕ್ಷಣಗಳನ್ನು ಚಿತ್ರದ ಗೊಡವೆಗೆ ಹೋಗದೆ ಧ್ವನಿಯಿಂದಷ್ಟೇ ಹೆಕ್ಕಿ ತೋರಿಸಿದ್ದರು. ವಿವರಣೆಗಾರನ ದನಿಯಲ್ಲಿನ ಉದ್ವೇಗ, ಬ್ಯಾಟಿಗೆ ಚೆಂಡು ಬಡಿದ ಸದ್ದು, ಇವೆರಡೇ ಅವರ ಆಧಾರ.

ಮನೆಯಲ್ಲಿ ಇದನ್ನು ಮಾಡಿ ನೋಡಿದರೆ ಮೊದಲು ಸಿಗುವ ಶಿಖರಗಳೆಲ್ಲ ಜಾಹೀರಾತುಗಳು. ಅವುಗಳ ಧ್ವನಿಯನ್ನು ಪಿಸುಮಾತಿಗೂ ಕಿರುಚಾಟಕ್ಕೂ ವ್ಯತ್ಯಾಸವಿಲ್ಲದಂತೆ ಬಿಗಿಯಾಗಿ ಒತ್ತಿರುತ್ತಾರೆ. ಪರಿಹಾರ ಪರದೆಯ ಮೂಲೆಯಲ್ಲಿದೆ. ಸ್ಕೋರು ಪಟ್ಟಿ ಕಾಣದ ಹೊತ್ತನ್ನೆಲ್ಲ ಲೆಕ್ಕದಿಂದ ಕೈಬಿಟ್ಟರೆ ಜಾಹೀರಾತುಗಳು ತಾವಾಗಿ ಉದುರುತ್ತವೆ. ನಿರ್ದೇಶಕನ ಗುರುತು ಇನ್ನೂ ಬೆಲೆಯುಳ್ಳದ್ದು. ಮರುಪ್ರದರ್ಶನದ ಮೊದಲೂ ಕೊನೆಗೂ ಟೂರ್ನಿಯ ಲಾಂಛನವೊಂದು ಪರದೆಯ ಮೇಲೆ ಸುಳಿದು ಹೋಗುತ್ತದಲ್ಲ, ಅದು ಪ್ರತಿ ಸಲವೂ ಒಂದೇ ಚಿತ್ರ. ಒಂದು ಸಲ ಕಂಪ್ಯೂಟರಿಗೆ ತೋರಿಸಿಕೊಟ್ಟರೆ ಉಳಿದದ್ದನ್ನೆಲ್ಲ ಅದೇ ಹುಡುಕುತ್ತದೆ. ಪಕ್ಕಾ ಅನುಭವಸ್ಥನೊಬ್ಬ ಹತ್ತಾರು ಕ್ಯಾಮೆರಾ ನೋಡುತ್ತಾ ‘ಇದನ್ನು ಇನ್ನೊಮ್ಮೆ ತೋರಿಸಬೇಕು’ ಎಂದು ತೀರ್ಮಾನಿಸಿದ ಜಾಗಗಳವು, ಪುಕ್ಕಟೆ ಸಿಗುತ್ತವೆ.

ಆದರೆ ಬೊಬ್ಬೆ ಕೇಳಿಸಿದಲ್ಲಿ ತುಣುಕು ಶುರು ಮಾಡಿದರೆ ಸಿಗುವುದು ಕುಣಿದಾಟ ಮಾತ್ರ. ಕಾರಣ ಅದರ ಹಿಂದೆ ಇರುತ್ತದೆ. ಎಷ್ಟು ಹಿಂದೆ ಎಂಬುದನ್ನು ಆಯಾ ಆಟದ ನಿಯಮವೇ ಹೇಳುತ್ತದೆ. ವೇಗದ ಬೌಲರನ ಓಟ, ಚೆಂಡು ಗಾಳಿಯಲ್ಲಿದ್ದ ಹೊತ್ತು ಸೇರಿ ಕ್ರಿಕೆಟಿಗೆ ಹನ್ನೆರಡು ಸೆಕೆಂಡು ಹಿಂದೆ ಸರಿದರೆ ಸಾಕು. ಕಬಡ್ಡಿ ಇನ್ನೂ ಅಚ್ಚುಕಟ್ಟು: ಒಂದು ದಾಳಿ ಮೂವತ್ತು ಸೆಕೆಂಡು ಮೀರುವಂತಿಲ್ಲ, ಬೊಬ್ಬೆ ಏಳುವುದು ಅದರ ಕೊನೆಯಲ್ಲಿ. ಮೂವತ್ತು ಸೆಕೆಂಡು ಹಿಂದಕ್ಕೆ ಹೋದರೆ ಇಡೀ ದಾಳಿ ಸಿಕ್ಕಿತು. ಹೊನಲು ಬೆಳಕಿನ ಪಂದ್ಯಾಟಗಳನ್ನು ನೋಡಿ ಬೆಳೆದವರಿಗೆ ಕೊನೆಯ ಹಿಡಿತಕ್ಕಿಂತ ಅದಕ್ಕೆ ಮೊದಲಿನ ಆ ಕಾಲಾಟ, ಸರಪಳಿ ಹಿಡಿದವರು ಒಂದೊಂದೇ ಹೆಜ್ಜೆ ಒಳಸರಿಯುವ ಪರಿ ಬೇಕು. ಫುಟ್‌ಬಾಲಿನಲ್ಲಿ ಇಂಥ ಗಡಿಯೇ ಇಲ್ಲ. ಅಲ್ಲಿ ಗೋಲಿನ ಬೇರು ಎರಡು ನಿಮಿಷ ಹಿಂದಿನ ಒಂದು ಪಾಸಿನಲ್ಲಿ ಇರಬಹುದು.

ಕಂಬಳದ ನೇರ ಪ್ರಸಾರಕ್ಕೆ ಕಿವಿಯ ವಿದ್ಯೆ ಏನೇನೂ ಸಾಲದು. ಧ್ವನಿವರ್ಧಕದಲ್ಲಿ ಕೋಣಗಳ ಯಜಮಾನರ ಹೆಸರು, ಊರು, ಓಡಿಸುವವರ ಹೆಸರು ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ. ಧ್ವನಿಯ ಗೆರೆ ಕೆರೆಯ ನೀರಿನಂತೆ ಮಟ್ಟಸ. ಅಲ್ಲಿ ನೆರವಿಗೆ ಬರುವುದು ಪಿ-ಫ್ರೇಮಿನ ಟಿಪ್ಪಣಿಗಳು. ಕೋಣಗಳು ಓಟ ಶುರುವಾಗುವ ಗಂತಿನಿಂದ ಹೊರಟ ಕ್ಷಣದಿಂದ ಓಟ ಮುಗಿಯುವ ಮಂಜೊಟ್ಟಿ ಮುಟ್ಟುವವರೆಗೆ ಕ್ಯಾಮೆರಾ ಅವುಗಳ ಜೊತೆಗೇ ತಿರುಗುತ್ತದೆ. ಆಗ ಹಿನ್ನೆಲೆಯ ಚೌಕಗಳೆಲ್ಲ ಒಂದೇ ದಿಕ್ಕಿಗೆ ಸರಿದವೆಂಬ ಟಿಪ್ಪಣಿಗಳು ಹತ್ತು ಹದಿನೈದು ಸೆಕೆಂಡು ಎಡೆಬಿಡದೆ ಬರುತ್ತವೆ. ಚಿತ್ರವನ್ನು ಬಿಚ್ಚದೆಯೇ ಓಟ ಎಲ್ಲಿದೆ ಎಂದು ಹೇಳಬಹುದು. ಕೋಣಗಳ ಗೊರಸಿನಿಂದ ಎದ್ದ ಕೆಸರುನೀರು ಮಾತ್ರ ಕುಗ್ಗಿಸುವ ಯಂತ್ರದ ಜನ್ಮವೈರಿ. ಪ್ರತಿ ಹನಿಯೂ ತನ್ನದೇ ದಾರಿ ಹಿಡಿಯುವುದರಿಂದ ಹಿಂದಿನ ಚಿತ್ರ ನೋಡಿ ಮುಂದಿನದನ್ನು ಊಹಿಸುವಂತಿಲ್ಲ. ಇದ್ದ ಬೈಟುಗಳೆಲ್ಲ ಹನಿಗಳಿಗೇ ಖರ್ಚಾಗಿ ಓಡಿಸುವವನ ಮುಖ ಮಸುಕಾಗುತ್ತದೆ. ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆ ವಿಭಾಗದಲ್ಲಿ ನೀರು ಆರೂವರೆ ಕೋಲು ಎತ್ತರದ ನಿಶಾನೆ ಮುಟ್ಟಿತೋ ಇಲ್ಲವೋ ಎಂದು ಇಂಥ ವಿಡಿಯೊ ಹಿಡಿದು ವಾದಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಯಾರ ಕೋಣ ಮೊದಲು ಮುಟ್ಟಿತು ಎಂಬ ವಾದಕ್ಕೂ ಅಷ್ಟೆ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಸೆಕೆಂಡಿಗೆ ಸರಾಸರಿ ಹತ್ತೂವರೆ ಮೀಟರ್. ಆ ವೇಗದಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಕೋಣಗಳು 42 ಸೆಂಟಿಮೀಟರ್ ಮುಂದೆ ಹೋಗಿರುತ್ತವೆ. ಟಿವಿ ಸಂಕೇತ ಬೆಸ ಸಾಲು, ಸಮ ಸಾಲು ಎಂದು ಒಂದು ಚಿತ್ರವನ್ನು ಎರಡು ಕಂತಿನಲ್ಲಿ ಕಳಿಸುತ್ತದೆ. ಆ ಕಂತುಗಳನ್ನು ಬೇರ್ಪಡಿಸಿ ಸೆಕೆಂಡಿಗೆ 50 ಚಿತ್ರ ಮಾಡಿಕೊಂಡರೆ ಅಂತರ 21 ಸೆಂಟಿಮೀಟರಿಗೆ ಇಳಿಯುತ್ತದೆ. ಎರಡನ್ನೂ ಬೆರೆಸಿ 25ಕ್ಕೆ ಇಳಿಸುವ ಸೋಮಾರಿತನ ಕ್ರೀಡೆಯ ವಿಡಿಯೊಗೆ ಸಲ್ಲದು. ಓಡುವವರ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆಗಳು ಮೂಡುವುದು ಅದರಿಂದಲೇ.

ಕಂಬಳದ ರೆಕಾರ್ಡಿಂಗಿನಲ್ಲಿ ಇನ್ನೊಂದು ವಿಚಿತ್ರವಿದೆ. ಕಡತದ ಪ್ರತಿ ಚಿತ್ರಕ್ಕೂ ಹೊತ್ತಿನ ಮುದ್ರೆ ಇರುತ್ತದೆ. ಸೆಕೆಂಡನ್ನು 90,000 ಭಾಗ ಮಾಡಿ 33 ಬಿಟ್ಟಿನ ಸಂಖ್ಯೆಯಲ್ಲಿ ಅದನ್ನು ಬರೆಯುತ್ತಾರೆ. ಇಪ್ಪತ್ತಾರೂವರೆ ಗಂಟೆಗೆ ಆ ಸಂಖ್ಯೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಬೆಳಿಗ್ಗೆ ಶುರುವಾಗಿ ಮರುದಿನದವರೆಗೂ ನಡೆಯುವ ಜೋಡುಕರೆ ಕಂಬಳವನ್ನು ಪೂರ್ತಿ ಹಿಡಿದಿಟ್ಟರೆ ನಡುವೆ ಎಲ್ಲೋ ಒಂದು ಕಡೆ ಗಡಿಯಾರ ಹಿಂದಕ್ಕೆ ಜಿಗಿಯುವುದು ಹೆಚ್ಚುಕಡಿಮೆ ಖಚಿತ. ಹಳೆಯ ತಂತ್ರಾಂಶಗಳು ಅಲ್ಲಿ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತವೆ. ಸಾಮಾನ್ಯ ಪಂದ್ಯಗಳಲ್ಲಿ ತೊಂದರೆ ಕೊಡುವುದು ಇದಕ್ಕಿಂತ ಸಣ್ಣ ಲೆಕ್ಕ. ಒಂದು ಚಿತ್ರದ ಅವಧಿ 40 ಮಿಲಿಸೆಕೆಂಡು, ಧ್ವನಿಯ ಒಂದು ಕಟ್ಟು 24. ಎರಡೂ ಒಂದೇ ಜಾಗದಲ್ಲಿ ಮುಗಿಯುವುದು ಅಪರೂಪ. ಐವತ್ತು ತುಣುಕುಗಳನ್ನು ಮುದ್ರೆ ಸರಿಪಡಿಸದೆ ಹೊಲಿದರೆ ಆ ಚೂರುಗಳು ಕೂಡುತ್ತಾ ಹೋಗಿ, ಕೊನೆಯ ಓವರಿನಲ್ಲಿ ಚೆಂಡು ಬೌಂಡರಿಯತ್ತ ಹೊರಟ ಮೇಲೆ ಬ್ಯಾಟಿನ ಸದ್ದು ಕೇಳಿಸಬಹುದು.

ಕಾನೂನಿನ ಮಾತು ಚುಟುಕಾಗಿ: 1957ರ ಕೃತಿಸ್ವಾಮ್ಯ ಕಾಯಿದೆಯ 39ನೇ ಸೆಕ್ಷನ್ ಸ್ವಂತ ಬಳಕೆಗೆ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ವಿನಾಯಿತಿ ಕೊಡುತ್ತದೆ. ಅಂತರಜಾಲಕ್ಕೆ ಏರಿಸುವುದು ಸ್ವಂತ ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಗುರುತು ಓದಲು ಕಲಿತರೂ ಯಂತ್ರದ ಬಲೆಗೆ ಬೀಳದ ಕ್ಷಣಗಳಿವೆ. ಮಂಗಳೂರಿನಿಂದ ಅಷ್ಟೇನೂ ದೂರವಲ್ಲದ ಕುಂಬಳೆಯ ಮೂಲದ ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು: 26.3 ಓವರ್, 74 ರನ್. ಆ ದಿನದ ತುಣುಕು ಎಂದು ಎಲ್ಲ ಕಡೆ ಸಿಗುವುದು ಹತ್ತು ವಿಕೆಟ್‌ಗಳ ಮಾಲೆ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಒಂದು ಓವರ್ ಎಸೆದರು. ಅಪ್ಪಿತಪ್ಪಿಯೂ ತಮಗೆ ವಿಕೆಟ್ ಬೀಳಬಾರದೆಂದು ಬೇಕೆಂದೇ ಸ್ಟಂಪಿನಿಂದ ದೂರ ದೂರ ಎಸೆದರು. ಅಲ್ಲಿ ವಿಕೆಟಿನ ಬೊಬ್ಬೆಯಿಲ್ಲ, ಮತ್ತೆ ಮತ್ತೆ ತೋರಿಸುವಂಥದ್ದೂ ಏನಿಲ್ಲ. ಧ್ವನಿಯ ಗೆರೆ ನೋಡಿ ಕತ್ತರಿಸುವವನು ಆ ಓವರನ್ನು ಬುಟ್ಟಿಗೆ ಎಸೆದು ನೇರವಾಗಿ ವಾಸಿಂ ಅಕ್ರಂ ಲಕ್ಷ್ಮಣ್ ಕೈಗೆ ಕ್ಯಾಚಿತ್ತ ಎಸೆತಕ್ಕೆ ಹಾರುತ್ತಾನೆ. ನನ್ನ ಪ್ರತಿಯಾದರೆ ಎಂಟನೆಯದೋ ಒಂಬತ್ತನೆಯದೋ ವಿಕೆಟನ್ನು ಬೇಕಾದರೆ ಬಿಟ್ಟೇನು, ಶ್ರೀನಾಥರ ಆರೂ ಎಸೆತಗಳನ್ನು ವೈಡುಗಳ ಸಮೇತ ಉಳಿಸಿಕೊಳ್ಳುತ್ತೇನೆ.