ವಿಷಯವೇನೋ ಸರಿ, ಬಿಲ್ ಯಾರ ಹೆಸರಿಗೆ?

ಫ್ರೀಲಾನ್ಸ್ ಬರವಣಿಗೆಗೆ ಇಳಿಯಬೇಕೆಂದು ಸಲಹೆ ಕೇಳಿಕೊಂಡು ಬರುವವರಿಗೆ ನಾನು ಹಾಕುವ ಮೊದಲ ಪ್ರಶ್ನೆ, ‘ಯಾವ ಕ್ಷೇತ್ರ?’ ಉತ್ತರ ಬಾಯಿಪಾಠವಾಗಿರುತ್ತದೆ: ಹಣಕಾಸು, ಆರೋಗ್ಯ, ತಂತ್ರಜ್ಞಾನ. ಇವುಗಳಲ್ಲೇ ಹೆಚ್ಚು ದುಡ್ಡಿದೆ ಎಂದು ಯಾವುದೋ ವಿಡಿಯೊದಲ್ಲಿ ಕೇಳಿರುತ್ತಾರೆ. ಎರಡನೆಯ ಪ್ರಶ್ನೆ, ‘ಬಿಲ್ ಯಾರ ಹೆಸರಿಗೆ ಬರೆಯುತ್ತೀರಿ?’ ಇದಕ್ಕೆ ಉತ್ತರವಿಲ್ಲ. ತುಸು ತಡೆದು, ‘ಓದುವವರು ಬೇಕಾದಷ್ಟು ಜನ ಇದ್ದಾರಲ್ಲ ಮೇಡಂ’ ಎನ್ನುತ್ತಾರೆ.

ಇದ್ದಾರೆ. ಆದರೆ ನಿಮ್ಮ ಬಿಲ್ಲಿಗೆ ಹಣ ಕೊಡುವವರು ಅವರಲ್ಲ. ವರ್ಷಗಳಿಂದ ಹೇಳುತ್ತಿದ್ದರೂ ನಾಟದ ಮಾತು ಇದೊಂದೇ ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕೃಷಿಯ ಬಗ್ಗೆ ಬರೆದದ್ದನ್ನು ಓದುವವರು ರೈತರು. ಬರೆಸುವವರು ಹನಿ ನೀರಾವರಿ ಉಪಕರಣ ಮಾರುವ ಕಂಪನಿಯವರು, ತರಬೇತಿ ಕೈಪಿಡಿ ಬೇಕಾದ ಸ್ವಯಂಸೇವಾ ಸಂಸ್ಥೆಯವರು, ವಾರ್ಷಿಕ ವರದಿ ಸಿದ್ಧಪಡಿಸಬೇಕಾದ, ರೈತರೇ ಸೇರಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಯವರು. ಒಬ್ಬರಿಗೆ ಬೇಕಾದ ಬರಹ ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದು. ‘ನನ್ನ ಕ್ಷೇತ್ರ ಕೃಷಿ’ ಎಂದಷ್ಟೇ ಹೇಳಿದರೆ ಇವರಲ್ಲಿ ಯಾರೂ ನಿಮ್ಮನ್ನು ಕರೆಯುವುದಿಲ್ಲ. ‘ಹನಿ ನೀರಾವರಿ ಉಪಕರಣದ ಜೋಡಣೆ, ನಿರ್ವಹಣೆಯ ಕೈಪಿಡಿಗಳನ್ನು ರೈತರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯುತ್ತೇನೆ’ ಎಂದು ಹೇಳಿ ನೋಡಿ, ಕೇಳಿದವರಿಗೆ ತಟ್ಟನೆ ಒಂದು ಕೆಲಸ ನೆನಪಾಗುತ್ತದೆ. ವಿಷಯ, ಅದನ್ನು ಬರೆಸುವವರು, ಅವರಿಗೆ ಮತ್ತೆ ಮತ್ತೆ ಬೇಕಾಗುವ ಬರಹ, ಈ ಮೂರೂ ಕೂಡಿದರೆ ಮಾತ್ರ ಕ್ಷೇತ್ರ. ‘ಮತ್ತೆ ಮತ್ತೆ’ ಎಂಬುದನ್ನು ಬಿಟ್ಟು ಓದಬೇಡಿ. ಒಮ್ಮೆ ಬರೆಸಿ ಹತ್ತು ವರ್ಷ ಅದನ್ನೇ ಬಳಸುವವರನ್ನು ನಂಬಿ ಬಾಡಿಗೆ ಕಟ್ಟಲಾಗದು.

ಪಾಂಡವಪುರ ಕಡೆಯ ಯುವಕರೊಬ್ಬರು ಬಂದಿದ್ದರು. ಷೇರು ಮಾರುಕಟ್ಟೆಯ ಬಗ್ಗೆ ಬರೆದಿಟ್ಟುಕೊಂಡ ಲೇಖನಗಳನ್ನು ತೋರಿಸಿದರು. ಭಾಷೆ ಚೆನ್ನಾಗಿತ್ತು, ಸರಕು ಇರಲಿಲ್ಲ. ಅಂಥ ಲೇಖನವನ್ನು ಈಗ ಯಂತ್ರವೂ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಮಾತಿನ ನಡುವೆ ತಂದೆಯವರದು ಆಲೆಮನೆ ಎಂದು ತಿಳಿಯಿತು. ‘ಬೆಲ್ಲ ಹೇಗೆ ಮಾಡುತ್ತೀರಿ, ಹೇಳಿ’ ಎಂದೆ. ಅಲ್ಲಿಯವರೆಗೆ ತಡವರಿಸುತ್ತಿದ್ದವರು ಮುಕ್ಕಾಲು ಗಂಟೆ ನಿಲ್ಲಿಸಲೇ ಇಲ್ಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಸುಣ್ಣ ಎಷ್ಟು ಹಾಕಬೇಕು, ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ ಹೇಗೆ ನೆರವಾಗುತ್ತದೆ, ಹದ ಬಂದಿದೆಯೇ ಎಂದು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುವುದು ಹೇಗೆ, ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬೆಲ್ಲ ಹಳದಿಯಾಗಿ ಹೊಳೆದರೂ ಆ ಬಣ್ಣ ಏಕೆ ಬಾಳುವುದಿಲ್ಲ, ಏನೂ ಹಾಕದ ಕಂದು ಬೆಲ್ಲವನ್ನು ಕಂಡರೆ ಗಿರಾಕಿ ಏಕೆ ಮುಖ ತಿರುಗಿಸುತ್ತಾರೆ. ಇಷ್ಟು ತಿಳಿದ ಹುಡುಗ ಷೇರಿನ ಬಗ್ಗೆ ಬರೆಯುತ್ತಿದ್ದಾನಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

‘ಬೆಲ್ಲದ ಬಗ್ಗೆ ಯಾರು ಬರೆಸುತ್ತಾರೆ ಮೇಡಂ?’ ಎಂದರು. ಪ್ರಶ್ನೆ ಸರಿಯಾಗಿತ್ತು. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ಪಾಂಡವಪುರವಿರುವ ಮಂಡ್ಯ ಜಿಲ್ಲೆಗೆ ಗೊತ್ತುಪಡಿಸಿದ ಉತ್ಪನ್ನವೇ ಬೆಲ್ಲ. ಅರ್ಹ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಾಲಕ್ಕೆ ಜೋಡಿಸಿದ ಸಹಾಯಧನದ ಯೋಜನೆ ಅದು. ಸಾಲ ಪಡೆದು ಪ್ಯಾಕಿಂಗ್‌ಗೆ ಇಳಿಯುವವರಿಗೆ ಪೊಟ್ಟಣದ ಮೇಲಿನ ಬರಹ, ಅಂಗಡಿಗೆ ಕೊಡುವ ಕರಪತ್ರ, ಆನ್‌ಲೈನ್ ಮಾರಾಟದ ವಿವರಣೆ ಎಲ್ಲವೂ ಬೇಕು. ಹೊಸ ಉತ್ಪನ್ನ ಬಂದಾಗಲೆಲ್ಲ ಮತ್ತೆ ಬೇಕು.

ಪೊಟ್ಟಣದ ಬರಹವೆಂದರೆ ನಾಲ್ಕು ಸಾಲು ಎಂದು ಹಗುರವಾಗಿ ಕಾಣಬೇಡಿ. ಬೆಲ್ಲಕ್ಕೆ ಶುಂಠಿ, ಏಲಕ್ಕಿ ಸೇರಿದ ಕೂಡಲೇ ಘಟಕಾಂಶಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಕಡಲೆಕಾಯಿ ಬೀಜ ಸೇರಿದರೆ ಅಲರ್ಜಿಯ ಸೂಚನೆ ಬೇಕು. ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಒಂದು ಸಾಲು ಹಾಕಿಬಿಡಿ’ ಎಂದು ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆ ಎಂದು ಹೇಳಿಕೊಳ್ಳುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿ ಅವಕಾಶವಿಲ್ಲ. ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ. ಇದನ್ನು ಮಾಲೀಕರಿಗೆ ಬೇಸರವಾಗದಂತೆ ತಿಳಿಸಿ ಹೇಳುವ ಬರಹಗಾರರನ್ನು ಅವರು ಬಿಟ್ಟುಕೊಡುವುದಿಲ್ಲ. ಹಾಗೆಂದು ನಿಯಮದ ವಿಷಯದಲ್ಲಿ ಕೊನೆಯ ಮಾತು ಬರಹಗಾರರದಲ್ಲ. ಅಚ್ಚಿಗೆ ಹೋಗುವ ಮುನ್ನ ತಿಳಿದವರಿಂದ ಪರಿಶೀಲಿಸಿಕೊಳ್ಳಿ ಎಂದು ಮಾಲೀಕರಿಗೆ ಕೊಡುವ ಪತ್ರದಲ್ಲೇ ಬರೆದುಬಿಡಿ.

ಹಣಕಾಸು, ಆರೋಗ್ಯ ಕೂಡದು ಎಂದು ನಾನು ಹೇಳುತ್ತಿಲ್ಲ. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ದುಡಿದವರು ಸಾಲದ ಬಗ್ಗೆ ಬರೆಯಲಿ, ನಾನೇ ಶಿಫಾರಸು ಮಾಡುತ್ತೇನೆ. ಆದರೆ ಇಂಥ ಷೇರು ಕೊಳ್ಳಿ ಎಂದು ಸಲಹೆ ಕೊಡಲು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಬೇಕು. ಮಧುಮೇಹ ಗುಣಪಡಿಸುವ ಔಷಧಿ ಎಂಬ ಜಾಹೀರಾತನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿಗೆ ಸಂಬಂಧಿಸಿದ 1954ರ ಕಾಯ್ದೆಯೇ ನಿಷೇಧಿಸಿದೆ. ಒಳಹೊರಗು ತಿಳಿಯದವರು ಇಲ್ಲಿ ಎಡವುವುದು ಸುಲಭ.

ಮೈಸೂರಿನಲ್ಲಿ ಕುಳಿತು ಕ್ಷೇತ್ರ ಸಿಗುತ್ತಿಲ್ಲ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರಿಂದ ಇಲ್ಲಿದೆ. ಅಲ್ಲಿಂದ ತಂತ್ರಜ್ಞಾನ ಪಡೆದು ಉದ್ದಿಮೆ ಕಟ್ಟುವವರಿಗೆ ಬರಹ ಬೇಕು. ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಅಂಥ ಕಡೆ ಓದಿ ಮಕ್ಕಳ ಶ್ರವಣ ತಪಾಸಣೆ ಮಾಡಿದ ಅನುಭವವಿರುವವರು, ಶ್ರವಣಸಾಧನದ ಆರೈಕೆ ಹೇಗೆಂದು ತಾಯಂದಿರಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಟ್ಟರೆ ಚಿಕಿತ್ಸಾಲಯಗಳು ಬೇಡ ಎನ್ನುತ್ತವೆಯೇ? ಅಗರಬತ್ತಿ, ರೇಷ್ಮೆ, ಯೋಗ ಶಾಲೆಗಳು, ಹೆಬ್ಬಾಳದ ಕೈಗಾರಿಕಾ ಪ್ರದೇಶ, ಎಲ್ಲ ಕಡೆಯೂ ಬರೆಸುವವರಿದ್ದಾರೆ. ಹೋಗಿ ಅವರ ಕರಪತ್ರಗಳನ್ನು ಕೇಳಿ ಪಡೆದು ಓದಿ. ಏನು ತಪ್ಪಿದೆ, ಏನು ಬಿಟ್ಟುಹೋಗಿದೆ ಎಂದು ನಿಮಗೆ ಕಂಡರೆ ಅದೇ ನಿಮ್ಮ ಕ್ಷೇತ್ರವಿರಬಹುದು. ಇರಬಹುದು ಎಂದಷ್ಟೇ ಹೇಳುತ್ತೇನೆ. ಕಥೆ, ಕವಿತೆ ಬರೆಯುವವರಿಗೂ ಪತ್ರಿಕೆಗಳಿಗೆ ಬರೆಯುವವರಿಗೂ ಈ ಲೆಕ್ಕ ಹೊಂದುವುದಿಲ್ಲ.

ಒಂದೇ ಕ್ಷೇತ್ರಕ್ಕೆ ಕಟ್ಟುಬಿದ್ದುಬಿಡುತ್ತೇನೆ ಎಂಬ ಭಯ ಹಲವರಿಗೆ. ಆ ಪಾಂಡವಪುರದ ಯುವಕರು ಕಳೆದ ಸಲ ಬಂದಾಗ, ರಾಗಿ ಹುರಿಹಿಟ್ಟು ಮಾಡುವ ಸ್ವಸಹಾಯ ಸಂಘವೊಂದು ಕರೆದಿದೆ, ಬೆಲ್ಲ ಬಿಟ್ಟು ಅದಕ್ಕೆ ಹೋದರೆ ತಪ್ಪೇ ಎಂದು ಕೇಳಿದರು. ಧಾರಾಳವಾಗಿ ಹೋಗಿ ಎಂದೆ. ಪೊಟ್ಟಣದ ನಿಯಮ ಅದೇ, ಬರೆಸುವವರೂ ಅದೇ ಬಗೆಯ ಸಣ್ಣ ಉದ್ದಿಮೆದಾರರು. ಆದರೆ ಒಪ್ಪಿಕೊಳ್ಳುವ ಮೊದಲು ಸಂಘದವರ ಜೊತೆ ಒಂದು ದಿನ ಕುಳಿತು, ರಾಗಿಯನ್ನು ಹುರಿಯುವುದರಿಂದ ಪೊಟ್ಟಣ ಕಟ್ಟುವವರೆಗೆ ನೋಡಿಕೊಂಡು ಬನ್ನಿ, ಮುಂಗಡವಾಗಿ ಅರ್ಧ ಹಣ ಕೇಳಿ ಎಂದೆ.